ಒಂದು ಪಾಯಿಂಟಿಗೆ ಎಷ್ಟು ಪೈಸೆ?

ಕ್ರೆಡಿಟ್ ಕಾರ್ಡಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಕಟ್ಟಬೇಕಾದ ಒಟ್ಟು ಮೊತ್ತ, ಕನಿಷ್ಠ ಮೊತ್ತ, ತಡವಾದರೆ ಬೀಳುವ ದಂಡ ಎಲ್ಲವೂ ರೂಪಾಯಿ ಪೈಸೆಯಲ್ಲಿರುತ್ತವೆ. ಅದೇ ಹಾಳೆಯ ಒಂದು ಮೂಲೆಯ ಪುಟ್ಟ ಚೌಕದೊಳಗಿನ ಅಂಕಿಗೆ ಮಾತ್ರ ರೂಪಾಯಿ ಚಿಹ್ನೆ ಇಲ್ಲ. ರಿವಾರ್ಡ್ ಪಾಯಿಂಟ್ಸ್, 24,000. ನಾನು ಬ್ಯಾಂಕಿಗೆ ಕೊಡಬೇಕಾದದ್ದು ಪೈಸೆ ಬಿಡದೆ ಬರೆದಿದೆ. ಬ್ಯಾಂಕು ನನಗೆ ಕೊಡಬೇಕಾದದ್ದಕ್ಕೆ ನಾಣ್ಯವೇ ಇಲ್ಲ. ಸಹಕಾರ ಸಂಘವೊಂದರ ಖಾತೆ ಪುಸ್ತಕ ನೋಡಿಕೊಂಡೇ ಕೆಲಸದ ವರ್ಷಗಳನ್ನು ಕಳೆದವಳು ನಾನು. ಜಮಾ ಒಂದು ನಾಣ್ಯದಲ್ಲಿ, ಖರ್ಚು ಇನ್ನೊಂದರಲ್ಲಿ ಇದ್ದರೆ ಅಲ್ಲೇ ಪೆನ್ನು ನಿಲ್ಲುತ್ತದೆ.

ಮೊದಲು ಈ 24,000 ಬಂದದ್ದು ಹೇಗೆ ಎಂದು ನೋಡಬೇಕು. ನನ್ನ ಕಾರ್ಡಿನಲ್ಲಿ 150 ರೂಪಾಯಿ ಖರ್ಚಿಗೆ 4 ಪಾಯಿಂಟು. ಅಂದರೆ ಒಂದು ಪಾಯಿಂಟು ಹುಟ್ಟಲು 37 ರೂಪಾಯಿ 50 ಪೈಸೆ ಖರ್ಚಾಗಬೇಕು. 24,000 ಪಾಯಿಂಟಿಗೆ 9 ಲಕ್ಷ ರೂಪಾಯಿ. ಅದೂ ಪಾಯಿಂಟು ಕೊಡುವ ಖರ್ಚು ಮಾತ್ರ ಲೆಕ್ಕ. ಮನೆ ಬಾಡಿಗೆ, ಪೆಟ್ರೋಲು, ವಾಲೆಟ್ಟಿಗೆ ತುಂಬಿದ ಹಣ, ಸರ್ಕಾರಕ್ಕೆ ಕಟ್ಟಿದ ಹಣ ಇವಕ್ಕೆಲ್ಲ ಬಹಳಷ್ಟು ಕಾರ್ಡುಗಳಲ್ಲಿ ಪಾಯಿಂಟೇ ಇಲ್ಲ, ಇದ್ದರೂ ತಿಂಗಳಿಗೆ ಇಷ್ಟೇ ಎಂಬ ಮಿತಿ ಇರುತ್ತದೆ. ಹಾಗಾಗಿ ಜಾಹೀರಾತಿನ ದರದಿಂದ ಲೆಕ್ಕ ಶುರು ಮಾಡಬಾರದು. ವರ್ಷದಲ್ಲಿ ಕಾರ್ಡಿನಿಂದ ಹೋದ ಒಟ್ಟು ಹಣವನ್ನು ಬಂದ ಒಟ್ಟು ಪಾಯಿಂಟಿನಿಂದ ಭಾಗಿಸಿದರೆ ಸಿಗುವುದೇ ನಿಜವಾದ ದರ, ಅದು ಸಾಮಾನ್ಯವಾಗಿ ಜಾಹೀರಾತಿಗಿಂತ ದುಬಾರಿಯೇ.

ಇನ್ನು ಪಾಯಿಂಟು ಹೊರಗೆ ಹೋಗುವ ದಾರಿಗಳು. ನನ್ನ ಬ್ಯಾಂಕು ಬಾಕಿಗೆ ವಜಾ ಹಾಕಿಕೊಳ್ಳುವುದಾದರೆ ಪಾಯಿಂಟಿಗೆ 20 ಪೈಸೆ ಕೊಡುತ್ತದೆ: 24,000ಕ್ಕೆ 4,800 ರೂಪಾಯಿ. ಅದರದೇ ಜಾಲತಾಣದಲ್ಲಿ ವಿಮಾನದ ಟಿಕೆಟ್ ತೆಗೆದರೆ 50 ಪೈಸೆ: 12,000 ರೂಪಾಯಿ. ವಸ್ತುಗಳ ಕ್ಯಾಟಲಾಗೂ ಇದೆ. ಒಂದು ಮಿಕ್ಸಿಯ ಅಂಗಡಿ ಬೆಲೆಯನ್ನು ಅದಕ್ಕೆ ಅಲ್ಲಿ ಕೇಳುವ ಪಾಯಿಂಟಿನಿಂದ ಭಾಗಿಸಿ ನೋಡಿದೆ, 20 ಪೈಸೆಯೂ ದಕ್ಕಲಿಲ್ಲ. ಕ್ಯಾಟಲಾಗನ್ನು ಅಲ್ಲಿಗೇ ಮುಚ್ಚಿದೆ. ಇದರ ಮೇಲೆ ಕೆಲವು ಬ್ಯಾಂಕುಗಳು ಪ್ರತಿ ಬಾರಿ ಪಾಯಿಂಟು ಬಳಸಿದಾಗಲೂ 99 ರೂಪಾಯಿ, ಅದಕ್ಕೆ 18% ಜಿಎಸ್‌ಟಿ ಹಿಡಿಯುತ್ತವೆ. ಸ್ವಲ್ಪ ಸ್ವಲ್ಪವಾಗಿ ಬಳಸುವವರಿಗೆ ಇದು ದೊಡ್ಡ ಹೊಡೆತ.

ಒಂದೇ ಪಾಯಿಂಟಿಗೆ ಒಂದು ಬಾಗಿಲಲ್ಲಿ 20 ಪೈಸೆ, ಇನ್ನೊಂದರಲ್ಲಿ 50. ಖರ್ಚಿನ ಲೆಕ್ಕದಲ್ಲಿ ಮೊದಲನೆಯದು ನೂರು ರೂಪಾಯಿಗೆ 53 ಪೈಸೆ, ಎರಡನೆಯದು 1 ರೂಪಾಯಿ 33 ಪೈಸೆ. ಹೀಗೆ ಶೇಕಡಾವಾರು ಮಾಡಿದ ಮೇಲಷ್ಟೇ ಒಂದು ಕಾರ್ಡನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು. ಯಾವ ಷರತ್ತೂ ಇಲ್ಲದೆ 1.5% ಹಣ ವಾಪಸು ಕೊಡುವ ಕಾರ್ಡು ಕೈಯಲ್ಲಿದ್ದಿದ್ದರೆ ಅದೇ 9 ಲಕ್ಷಕ್ಕೆ 13,500 ರೂಪಾಯಿ ಬರುತ್ತಿತ್ತು. ಆಗ 12,000ದ ವಿಮಾನದ ಟಿಕೆಟ್ಟು ಪುಕ್ಕಟೆ ಆಗುವುದಿಲ್ಲ, 13,500 ಬಿಟ್ಟುಕೊಟ್ಟು ಕೊಂಡದ್ದಾಗುತ್ತದೆ. ಬಿಟ್ಟುಕೊಟ್ಟದ್ದು ಯಾವ ಸ್ಟೇಟ್‌ಮೆಂಟಿನಲ್ಲೂ ಬರುವುದಿಲ್ಲ, ಆದ್ದರಿಂದ ಅದನ್ನು ನಾವೇ ಬರೆದುಕೊಳ್ಳಬೇಕು.

ಈ ಲೆಕ್ಕ ಹೇಳಿದಾಗ ಅಕ್ಕನ ಮಗ ಒಪ್ಪಲಿಲ್ಲ. ಅವನಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ, ಕಾರ್ಡುಗಳ ವಿಷಯದಲ್ಲಿ ನನಗಿಂತ ಚೆನ್ನಾಗಿ ಓದಿಕೊಂಡವನು. "ಚಿಕ್ಕಮ್ಮ, ನೀವು ಬ್ಯಾಂಕಿನ ಸೈಟಲ್ಲೇ ಬಳಸ್ತಿದ್ದೀರಿ. ಪಾಯಿಂಟ್ಸನ್ನ ಏರ್‌ಲೈನ್‌ಗೆ ಟ್ರಾನ್ಸ್‌ಫರ್ ಮಾಡ್ಬೇಕು. ನಿಜವಾದ ಬೆಲೆ ಇರೋದು ಅಲ್ಲಿ," ಎಂದ. ಅವನ ಮಾತು ಅರ್ಧ ಸರಿ, ಆ ಅರ್ಧವನ್ನು ಬಿಡಿಸಿ ನೋಡಬೇಕು.

ನನ್ನ ಕಾರ್ಡಿನಲ್ಲಿ ಎರಡು ಪಾಯಿಂಟಿಗೆ ಒಂದು ಮೈಲು ಸಿಗುತ್ತದೆ. ದೆಹಲಿಗೆ ಹೋಗುವ ಒಂದು ವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳಿ. ದುಡ್ಡು ಕೊಟ್ಟರೆ 6,800 ರೂಪಾಯಿ. ಮೈಲಿನಲ್ಲಾದರೆ 8,000 ಮೈಲು ಮತ್ತು ತೆರಿಗೆ, ನಿಲ್ದಾಣದ ಶುಲ್ಕ ಸೇರಿ 900 ರೂಪಾಯಿ. ಮೈಲು ಕೊಟ್ಟರೂ ಈ 900 ತಪ್ಪುವುದಿಲ್ಲ, ಹಾಗಾಗಿ ಅದನ್ನು ಮೊದಲೇ ಕಳೆಯಬೇಕು. ಉಳಿದ 5,900ನ್ನು 8,000ದಿಂದ ಭಾಗಿಸಿದರೆ ಮೈಲಿಗೆ 74 ಪೈಸೆ. ಕೇಳಲು ಚೆನ್ನಾಗಿದೆ. ಆದರೆ ಒಂದು ಮೈಲು ಎಂದರೆ ನನ್ನ ಎರಡು ಪಾಯಿಂಟು, ಪಾಯಿಂಟಿಗೆ ಬಿದ್ದದ್ದು 37 ಪೈಸೆ. ಬ್ಯಾಂಕಿನ ಜಾಲತಾಣದ 50 ಪೈಸೆಯೇ ಮೇಲಾಯಿತು! ದೀಪಾವಳಿಯ ಹಿಂದಿನ ದಿನ ಅದೇ ಸೀಟು 14,000ಕ್ಕೆ ಏರಿದೆ, ಮೈಲು ಮಾತ್ರ ಅಷ್ಟೇ ಇದೆ ಅಂದುಕೊಳ್ಳಿ. ಆಗ ಪಾಯಿಂಟಿಗೆ 82 ಪೈಸೆ. ಅಲ್ಲಿ ಅಕ್ಕನ ಮಗನದೇ ಸರಿ.

ಆದರೆ ಆ ದಿನ ನಾನು 14,000 ಕೊಟ್ಟು ದೆಹಲಿಗೆ ಹೋಗುತ್ತಿದ್ದೆನೇ? ಬೆಲೆ ಕಟ್ಟುವಾಗ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ. ಹೋಗಲೇಬೇಕಾದ ಮದುವೆ, ಬೇರೆ ದಾರಿಯಿಲ್ಲ, ಕೈಯಿಂದ ಕೊಟ್ಟಾದರೂ ಹೋಗುತ್ತಿದ್ದೆ ಅನ್ನುವುದಾದರೆ ಉಳಿದದ್ದು ನಿಜವಾಗಿ 13,100 ರೂಪಾಯಿ. ಅಷ್ಟಾದರೆ ಹಬ್ಬ ಕಳೆದ ಮೇಲೆ ಹೋಗುತ್ತಿದ್ದೆ ಅನ್ನುವುದಾದರೆ ಪಾಯಿಂಟಿನ ಬೆಲೆ 82 ಪೈಸೆ ಅಲ್ಲ, ಹಬ್ಬ ಕಳೆದ ಮೇಲಿನ ಟಿಕೆಟ್ಟಿನ ಲೆಕ್ಕದ 37 ಪೈಸೆಯೇ. ಟಿಕೆಟ್ಟಿನ ಮೇಲೆ ಅಚ್ಚಾದ ದರವನ್ನು ವಿಮಾನ ಕಂಪನಿ ನಿರ್ಧರಿಸುತ್ತದೆ. ಅದಕ್ಕೆ ನಾನು ಎಷ್ಟು ಕೊಡುತ್ತಿದ್ದೆ ಅನ್ನುವುದು ನನ್ನ ಸಂಸಾರಕ್ಕೆ ಸೇರಿದ ವಿಷಯ. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಭಾಜ್ಯವಾಗಿ ಇಡಬೇಕು.

ಬಿಸಿನೆಸ್ ಕ್ಲಾಸ್ ವಿಷಯಕ್ಕೆ ಬಂದರಂತೂ ಈ ಪ್ರಶ್ನೆಯನ್ನು ಬಿಟ್ಟು ಹೆಜ್ಜೆ ಇಡಲಿಕ್ಕಾಗದು. ಮೈಲಿಗೆ ಎರಡೂವರೆ ರೂಪಾಯಿ ಗಿಟ್ಟಿಸಿದೆ, ಮೂರು ಗಿಟ್ಟಿಸಿದೆ ಅನ್ನುವವರೆಲ್ಲ ಲೆಕ್ಕ ಹಾಕುವುದು ಅದರ ಪೂರ್ತಿ ದರಕ್ಕೆ. ನಮ್ಮ ಮನೆಯಲ್ಲೇ ಈಚೆಗೆ ಇದರ ಲೆಕ್ಕ ಬಂತು. ಅಕ್ಕನ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ, ಚೊಚ್ಚಲ ಹೆರಿಗೆ. ಅಕ್ಕ ಬಾಣಂತನಕ್ಕೆ ಹೋಗಬೇಕು. ಅಕ್ಕನ ಎರಡು ಮಂಡಿಗಳೂ ಸವೆದಿವೆ, ಒಂದು ಗಂಟೆ ಕೂತರೆ ಎದ್ದು ನಾಲ್ಕು ಹೆಜ್ಜೆ ಹಾಕಲು ಗೋಡೆ ಹಿಡಿಯಬೇಕು. ಬೆಂಗಳೂರಿನಿಂದ ನಡುವೆ ಒಂದು ಕಡೆ ಇಳಿದು ಹತ್ತಿ ಹೋದರೂ ಹಗಲು ರಾತ್ರಿ ಪ್ರಯಾಣವೇ. ಎಕಾನಮಿ ಟಿಕೆಟ್ಟು ಒಂದು ದಾರಿಗೆ 72,000 ರೂಪಾಯಿ ಇತ್ತು. ಬಿಸಿನೆಸ್ ಕ್ಲಾಸ್ ಎರಡೂವರೆ ಲಕ್ಷ. ಮೈಲಿನಲ್ಲಾದರೆ 90,000 ಮೈಲು ಮತ್ತು 30,000 ರೂಪಾಯಿ ತೆರಿಗೆ, ಶುಲ್ಕ.

ಪೂರ್ತಿ ದರದಲ್ಲಿ ಲೆಕ್ಕ ಹಾಕಿದರೆ ಮೈಲಿಗೆ 2 ರೂಪಾಯಿ 44 ಪೈಸೆ. ಆದರೆ ಎರಡೂವರೆ ಲಕ್ಷ ಕೊಟ್ಟು ಅಕ್ಕನನ್ನು ಕಳಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ, ಕಳಿಸಿದರೂ ಅಕ್ಕ ಹತ್ತುತ್ತಿರಲಿಲ್ಲ. ನಾವು ನಿಜವಾಗಿ ಕೊಡಲಿದ್ದದ್ದು 72,000. ಅದರಲ್ಲಿ 30,000 ಕಳೆದು ಭಾಗಿಸಿದರೆ ಮೈಲಿಗೆ 47 ಪೈಸೆ ಮಾತ್ರ. ಈ ಎರಡು ಅಂಕಿಗಳ ನಡುವೆ ಎಲ್ಲೋ ಒಂದು ಕಡೆ ನಿಜವಾದ ಬೆಲೆ ಇದೆ. ಅದನ್ನು ಹಿಡಿಯಲು ಅಕ್ಕನ ಮಗನನ್ನು ಕೂರಿಸಿಕೊಂಡು ಕೇಳಿದೆ: "ಅಮ್ಮ ಆ ರಾತ್ರಿ ಕಾಲು ಚಾಚಿ ಮಲಗಿಕೊಂಡು ಹೋಗ್ತಾಳೆ ಅನ್ನೋದಕ್ಕೆ ಎಕಾನಮಿ ದರದ ಮೇಲೆ ನಿನ್ನ ಜೇಬಿನಿಂದ ಎಷ್ಟು ಹಾಕ್ತೀಯ? ಪಾಯಿಂಟಲ್ಲ, ದುಡ್ಡು." ಅವನು ಸ್ವಲ್ಪ ಹೊತ್ತು ಯೋಚಿಸಿ, "ಐವತ್ತು ಸಾವಿರ ಹಾಕ್ತೀನಿ ಚಿಕ್ಕಮ್ಮ," ಎಂದ. ಹಾಗಾದರೆ ಆ ಸೀಟು ಅವನಿಗೆ 1,22,000 ರೂಪಾಯಿಯದು. 30,000 ಕಳೆದರೆ 92,000. ಮೈಲಿಗೆ 1 ರೂಪಾಯಿ 2 ಪೈಸೆ. ಈ ಅಂಕಿಯನ್ನು ನಾನು ನಂಬುತ್ತೇನೆ, ಏಕೆಂದರೆ ಅದರಲ್ಲಿ ಅವನ ತಾಯಿಯ ಮಂಡಿನೋವೂ ಅವನ ಸಂಬಳವೂ ಎರಡೂ ಸೇರಿವೆ. ಬೇರೆ ಮನೆಯಲ್ಲಿ ಬೇರೆ ಅಂಕಿ ಬರುತ್ತದೆ, ಬರಲೇಬೇಕು. ಪಾಯಿಂಟು ಇಷ್ಟೇ ಪೈಸೆ ಬಾಳುತ್ತದೆ ಎಂದು ಊರಿಗೆಲ್ಲ ಒಂದೇ ದರ ಹೇಳುವ ಕೋಷ್ಟಕಗಳನ್ನು ನಾನು ಒಪ್ಪದಿರುವುದು ಇದಕ್ಕೇ.

ಇಷ್ಟೆಲ್ಲ ಲೆಕ್ಕಕ್ಕೂ ಒಂದು ಷರತ್ತಿದೆ: ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟಿರಬೇಕು. ತಿಂಗಳಿಗೆ 3.5% ಬಡ್ಡಿ ನಮ್ಮಲ್ಲಿ ಸಾಮಾನ್ಯ ದರ. 50,000 ರೂಪಾಯಿ ಒಂದು ತಿಂಗಳು ಬಾಕಿ ನಿಂತರೆ 1,750 ಬಡ್ಡಿ, ಅದರ ಮೇಲೆ 18% ಜಿಎಸ್‌ಟಿ 315, ಒಟ್ಟು 2,065 ರೂಪಾಯಿ. ಅದೇ 50,000ದ ಖರ್ಚಿಗೆ ನನ್ನ ಕಾರ್ಡು ಕೊಡುವ ಪಾಯಿಂಟಿನ ಬೆಲೆ, 50 ಪೈಸೆಯ ಲೆಕ್ಕದಲ್ಲೇ, 667 ರೂಪಾಯಿ. ಒಂದು ತಿಂಗಳ ಬಾಕಿ ಮೂರು ತಿಂಗಳ ಪಾಯಿಂಟನ್ನು ನುಂಗುತ್ತದೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಕಾರ್ಡಿನ ಬಡ್ಡಿ ವರ್ಷಕ್ಕೆ 30% ಮೀರಿದರೆ ಅದು ಅನುಚಿತ ವ್ಯಾಪಾರ ಪದ್ಧತಿ ಎಂದಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಬಡ್ಡಿಯ ವಿಷಯದಲ್ಲಿ ನಮ್ಮನ್ನು ನಾವೇ ಕಾಯ್ದುಕೊಳ್ಳಬೇಕು. ಬಾಕಿ ಇಟ್ಟುಕೊಂಡು ಪಾಯಿಂಟು ಎಣಿಸುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರಿಗೆ ನಾನು ಹೇಳುವುದು, ಕಾರ್ಡನ್ನು ಬೀರುವಿನಲ್ಲಿಟ್ಟು ಮೊದಲು ಬಾಕಿ ತೀರಿಸಿ ಎಂದು.

ಅಂಗಡಿಯ ಗಲ್ಲಾದ ಮುಂದೆಯೂ ಇದೇ ಲೆಕ್ಕ ಬರುತ್ತದೆ. ಚಿಕ್ಕಪೇಟೆಯಲ್ಲಿ ಸೀರೆ ಆರಿಸಿ ಕಾರ್ಡು ಚಾಚಿದರೆ, "ಮೇಡಂ, ಕಾರ್ಡಾದ್ರೆ ಟೂ ಪರ್ಸೆಂಟ್ ಜಾಸ್ತಿ ಆಗತ್ತೆ, ಸ್ಕ್ಯಾನ್ ಮಾಡ್ಬಿಡಿ" ಅನ್ನುತ್ತಾರೆ. 20,000ದ ಸೀರೆಗೆ ಆ 2% ಅಂದರೆ 400 ರೂಪಾಯಿ, ನನಗೆ ಬರುವ ಪಾಯಿಂಟಿನ ಬೆಲೆ 267. ಸ್ಕ್ಯಾನ್ ಮಾಡುತ್ತೇನೆ. ಅಂಗಡಿಯವರು ಹಾಗೆ ಕೇಳುವುದಕ್ಕೆ ಕಾರಣವಿದೆ. ಕಾರ್ಡು ಉಜ್ಜಿದಾಗಲೆಲ್ಲ ಅವರ ಹಣದಲ್ಲಿ ಒಂದು ಪಾಲು ಬ್ಯಾಂಕುಗಳಿಗೆ, ಕಾರ್ಡು ಜಾಲಕ್ಕೆ ಕಡಿತವಾಗುತ್ತದೆ. ನನ್ನ ಪಾಯಿಂಟು ಬಹುಮಟ್ಟಿಗೆ ಬರುವುದು ಆ ಕಡಿತದಿಂದಲೇ. ಯುಪಿಐ ಮೂಲಕ ಬ್ಯಾಂಕ್ ಖಾತೆಯಿಂದ ನೇರ ಕೊಟ್ಟರೆ 2020ರ ಜನವರಿಯಿಂದ ಆ ಕಡಿತ ಇಲ್ಲ. ಕಡಿತವಿಲ್ಲದ ಕಡೆ ಪಾಯಿಂಟೂ ಇಲ್ಲ. ಅಂಗಡಿಯವರು ಕಡಿತವನ್ನು ಎಲ್ಲರ ಬೆಲೆಯಲ್ಲೂ ಸೇರಿಸಿದರೆ, ಕಾರ್ಡೇ ಇಲ್ಲದೆ ನೋಟು ಎಣಿಸಿ ಕೊಡುವ ಹೆಂಗಸೂ ನನ್ನ ದೆಹಲಿ ಟಿಕೆಟ್ಟಿಗೆ ಚೂರು ಕೊಟ್ಟಂತಾಗುತ್ತದೆ. ಇದು ನನ್ನ ಮನಸ್ಸನ್ನು ಕೊರೆಯುವ ಸಂಗತಿ, ಇದಕ್ಕೆ ನನ್ನ ಲೆಕ್ಕ ಪುಸ್ತಕದಲ್ಲಿ ಕಾಲಂ ಇಲ್ಲ.

ಪಾಯಿಂಟು ಕೊಡುವವರು ಅದನ್ನು ಹೇಗೆ ನೋಡುತ್ತಾರೆ ಎಂಬುದೂ ತಿಳಿದಿರಬೇಕು. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಎಡ್ವಾಂಟೇಜ್ ಯೋಜನೆ ಶುರು ಮಾಡಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಹಿಂಬಾಲಿಸಿತು. ಆಗ ಮೈಲೆಂದರೆ ನಿಜವಾಗಿ ಹಾರಿದ ಮೈಲೇ. ಮುಂದೆ ಬ್ಯಾಂಕುಗಳು ವಿಮಾನ ಕಂಪನಿಗಳಿಂದ ಮೈಲನ್ನು ಸಗಟಾಗಿ ಕೊಂಡು ತಮ್ಮ ಕಾರ್ಡುದಾರರಿಗೆ ಹಂಚತೊಡಗಿದವು, ನೆಲ ಬಿಡದವರ ಖಾತೆಯಲ್ಲೂ ಮೈಲು ಬಿತ್ತು. ಈ ವ್ಯಾಪಾರ ಎಷ್ಟು ದೊಡ್ಡದು ಎಂಬುದು 2020ರಲ್ಲಿ ಕೊರೊನಾ ಬಂದು ವಿಮಾನಗಳು ನೆಲಕ್ಕಿಳಿದಾಗ ಬಯಲಾಯಿತು. ಯುನೈಟೆಡ್ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಎತ್ತಿತು. ಆಗ ಆ ಯೋಜನೆಗೆ ಕಟ್ಟಿದ ಬೆಲೆ ಸುಮಾರು 2,200 ಕೋಟಿ ಡಾಲರ್. ಷೇರುಪೇಟೆಯಲ್ಲಿ ವಿಮಾನಗಳೂ ಸೇರಿ ಇಡೀ ಕಂಪನಿಗೆ ಅಷ್ಟು ಬೆಲೆ ಇರಲಿಲ್ಲ.

ಕಂಪನಿಯ ಜಮಾಖರ್ಚಿನಲ್ಲಿ ಪಾಯಿಂಟು ಹೊಣೆಯ ಕಡೆ ಕೂರುತ್ತದೆ. ಇಂಡ್ ಎಎಸ್ 115 ಎಂಬ ಲೆಕ್ಕಮಾನ ನಮ್ಮಲ್ಲಿ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಟಿಕೆಟ್ ಮಾರಿ ಬಂದ ಹಣದಲ್ಲಿ ಪಾಯಿಂಟಿಗೆ ಸೇರಿದ ಪಾಲನ್ನು ಆದಾಯ ಎಂದು ಬರೆಯುವಂತಿಲ್ಲ, ಗ್ರಾಹಕರು ಪಾಯಿಂಟು ಬಳಸುವವರೆಗೆ ಅದು ತೀರಿಸಬೇಕಾದ ಹೊಣೆ. ಜೊತೆಗೆ ಎಷ್ಟು ಪಾಯಿಂಟು ಯಾರೂ ಬಳಸದೆ ಹಾಗೇ ಸಾಯುತ್ತದೆ ಎಂಬ ಅಂದಾಜನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಮರೆವು ಅವರ ಪುಸ್ತಕದಲ್ಲಿ ಮುಂಚೆಯೇ ನಮೂದಾಗಿರುತ್ತದೆ.

ಉಡುಪಿಯ ಕಡೆಯ ನಮಗೆ ಪಿಗ್ಮಿ ಗೊತ್ತು. 1928ರಲ್ಲಿ ಟಿ. ಎಂ. ಎ. ಪೈ ಅವರು ಶುರು ಮಾಡಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟು ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನೂ ಬರೆದುಕೊಂಡು ಹೋಗುತ್ತಿದ್ದ. ಕೂಡಿಟ್ಟ ಎರಡಾಣೆ ಎರಡಾಣೆಯಾಗಿಯೇ ಉಳಿಯುತ್ತಿತ್ತು, ಬಡ್ಡಿಯೂ ಸೇರುತ್ತಿತ್ತು. ಪಾಯಿಂಟನ್ನು ಹಾಗೆ ಕೂಡಿಡಲಾಗದು. ಬಡ್ಡಿ ಇಲ್ಲ, ಅವಧಿ ಮುಗಿಯುತ್ತದೆ. ಮೇಲಾಗಿ ಇಂದು 8,000 ಮೈಲಿಗೆ ಸಿಗುವ ಸೀಟಿಗೆ ನಾಳೆ 11,000 ಕೇಳಿದರೆ ತಡೆಯುವವರಿಲ್ಲ. ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ ಯಾವ ಊರಿಗೆ ಎಷ್ಟು ಮೈಲು ಎಂಬ ಪಟ್ಟಿಯನ್ನೇ ತೆಗೆದುಹಾಕಿದವು. ಪಟ್ಟಿಯೇ ಇಲ್ಲದ ಮೇಲೆ ಏರಿಕೆ ಆಗಿದೆ ಎಂದು ತೋರಿಸುವುದೂ ಕಷ್ಟ.

ಕಂಪನಿಯೇ ನಿಂತುಹೋದರೆ? ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಆಮೇಲೆ ಅದರ ಮೈಲು ಯೋಜನೆಯಾದ ಕಿಂಗ್ ಕ್ಲಬ್ಬಿನ ಮೈಲು ಹಿಡಿದು ಹೋಗಲು ವಿಮಾನವೇ ಇರಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ನಿಂತಾಗ ಅದರ ಜೆಟ್‌ಪ್ರಿವಿಲೇಜ್ ಬೇರೆಯೇ ಕಂಪನಿಯಾಗಿದ್ದರಿಂದ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ವಿಸ್ತಾರಾ 2024ರ ನವೆಂಬರಿನಲ್ಲಿ ಏರ್ ಇಂಡಿಯಾದಲ್ಲಿ ಸೇರಿದಾಗ ಪಾಯಿಂಟುಗಳು ಅಲ್ಲಿಗೆ ಹೋದವು. ಹೀಗೆ ಒಬ್ಬೊಬ್ಬರ ಕಥೆ ಒಂದೊಂದು ಥರ ಮುಗಿದಿದೆ. ಆದ್ದರಿಂದ ಮುಂದೆಂದೋ ಬೇಕಾದೀತು ಎಂದು ಮೂರು ನಾಲ್ಕು ವರ್ಷ ಕೂಡಿಡುವ ಪಾಯಿಂಟಿಗೆ ನಾನು ಇವತ್ತಿನ ಬೆಲೆಯಲ್ಲಿ ಕಾಲು ಭಾಗವನ್ನಾದರೂ ವಜಾ ಮಾಡಿಯೇ ಬರೆಯುತ್ತೇನೆ.

ಈ ಕ್ಷೇತ್ರದಲ್ಲಿ ನನಗೆ ಗೌರವವಿರುವ ಒಬ್ಬ ಮನುಷ್ಯನಿದ್ದಾನೆ. ಕ್ಯಾಲಿಫೋರ್ನಿಯಾದ ಸಿವಿಲ್ ಎಂಜಿನಿಯರ್ ಡೇವಿಡ್ ಫಿಲಿಪ್ಸ್. 1999ರಲ್ಲಿ ಒಂದು ತಿಂಡಿ ಕಂಪನಿ ತನ್ನ ಪೊಟ್ಟಣಗಳ ಬಾರ್‌ಕೋಡು ಕತ್ತರಿಸಿ ಕಳಿಸಿದವರಿಗೆ ಮೈಲು ಕೊಡುವುದಾಗಿ ಹೇಳಿತು. ಅವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಪುಡಿಂಗ್ ಎಂದು ಕಂಡುಕೊಂಡ ಆತ 12,000ಕ್ಕೂ ಹೆಚ್ಚು ಪುಡಿಂಗ್ ಕಪ್ಪು ಕೊಂಡ. ಖರ್ಚು ಸುಮಾರು 3,140 ಡಾಲರ್. ಪುಡಿಂಗನ್ನು ಸಾಲ್ವೇಶನ್ ಆರ್ಮಿಗೆ ದಾನ ಕೊಟ್ಟ, ಅದಕ್ಕೆ ಬದಲಾಗಿ ಅಲ್ಲಿನ ಸ್ವಯಂಸೇವಕರು ಬಾರ್‌ಕೋಡು ಕಿತ್ತುಕೊಟ್ಟರು. ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಸಿಕ್ಕಿತು. ಬಂದದ್ದು 12 ಲಕ್ಷಕ್ಕೂ ಹೆಚ್ಚು ಮೈಲು. 2002ರ 'ಪಂಚ್-ಡ್ರಂಕ್ ಲವ್' ಸಿನಿಮಾದಲ್ಲಿ ಈ ಪುಡಿಂಗಿನ ಎಳೆ ಬರುತ್ತದೆ. ಆತನ ಸಾಹಸಕ್ಕಿಂತ ನಾನು ಮೆಚ್ಚುವುದು ಆತನ ಲೆಕ್ಕವನ್ನು. ಒಂದು ಮೈಲಿಗೆ ತನ್ನ ಕೈಯಿಂದ ಬಿದ್ದದ್ದು ಕಾಲು ಸೆಂಟು ಎಂದು ಆತನಿಗೆ ಗೊತ್ತಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ನಮ್ಮ ಪಾಯಿಂಟು ನಮಗೆ ಎಷ್ಟಕ್ಕೆ ಬಿತ್ತು ಎಂಬುದೇ ಗೊತ್ತಿರುವುದಿಲ್ಲ.

ಅಕ್ಕನ ಟಿಕೆಟ್ಟಿಗೆ ನಾವು ಮಾಡಿದ್ದು ಇಷ್ಟು. ಅಕ್ಕನ ಮಗನ ಕಾರ್ಡಿನಲ್ಲಿ ಒಂದು ಪಾಯಿಂಟಿಗೆ ಒಂದು ಮೈಲು ಸಿಗುತ್ತದೆ, ವರ್ಗಾಯಿಸದೆ ಬಳಸಿದರೆ 50 ಪೈಸೆ. ಅಂದರೆ 90,000 ಪಾಯಿಂಟು ಕೊಡುವುದೆಂದರೆ 45,000 ರೂಪಾಯಿ ಕೊಟ್ಟಂತೆ. ತೆರಿಗೆಯ 30,000 ಸೇರಿ 75,000. ಎಕಾನಮಿ ಟಿಕೆಟ್ಟು 72,000. ಮೂರು ಸಾವಿರದ ವ್ಯತ್ಯಾಸಕ್ಕೆ ಅಕ್ಕ ಮಲಗಿಕೊಂಡು ಹೋಗಬಹುದು. ಇಲ್ಲಿಗೆ ಬಂದಾಗ ಅವನಿಗೂ ನನಗೂ ವಾದವೇ ಉಳಿಯಲಿಲ್ಲ.

ಆದರೆ ಪಾಯಿಂಟನ್ನು ಮೊದಲೇ ವರ್ಗಾಯಿಸಬೇಡ ಎಂದು ಹಟ ಹಿಡಿದೆ. ವಿಮಾನ ಕಂಪನಿಗೆ ಹೋದ ಪಾಯಿಂಟು ಬ್ಯಾಂಕಿಗೆ ತಿರುಗಿ ಬರುವುದಿಲ್ಲ, ಮೈಲಿಗೆ ಬಿಡುವ ಸೀಟುಗಳೋ ಒಂದು ವಿಮಾನದಲ್ಲಿ ಬೆರಳೆಣಿಕೆಯಷ್ಟು. ಹೆರಿಗೆಯ ದಿನ ನಮ್ಮ ಕೈಯಲ್ಲಿಲ್ಲ, ಹೊರಡುವ ದಿನವನ್ನು ಹಿಂದೆ ಮುಂದೆ ಮಾಡಬಹುದು. ವೈದ್ಯರು ಹೇಳಿದ ದಿನಕ್ಕಿಂತ ಮೂರು ವಾರ ಮೊದಲಿನ ಒಂದು ಗುರುವಾರ ಸೀಟು ಕಾಣಿಸಿತು. ಅದು ಪರದೆಯ ಮೇಲೆ ಇರುವಾಗಲೇ ಪಾಯಿಂಟು ವರ್ಗಾಯಿಸಿ, ಟಿಕೆಟ್ ನಂಬರು ಬಂದ ಮೇಲೆ ಗಾಲಿಕುರ್ಚಿಗೂ ಬರೆಸಿದ. ಎಕಾನಮಿಯಲ್ಲಾಗಿದ್ದರೆ 23 ಕೆಜಿಯ ಎರಡು ಪೆಟ್ಟಿಗೆ, ಇದರಲ್ಲಿ 32 ಕೆಜಿಯ ಎರಡು. ಹೆಚ್ಚಿಗೆ ಸಿಕ್ಕಿದ 18 ಕೆಜಿಗೆ ಅಕ್ಕ ಆಗಲೇ ಪಟ್ಟಿ ಬರೆದಾಗಿದೆ: ಅಂಟಿನುಂಡೆ, ಬಾಣಂತಿ ಖಾರದ ಪುಡಿ, ಮೆಂತ್ಯ, ಮಗುವಿಗೆ ಹಳೇ ಹತ್ತಿ ಸೀರೆಯ ಬಟ್ಟೆಗಳು, ಎಣ್ಣೆ ನೀರಿಗೆ ಹಿತ್ತಾಳೆಯ ಒಂದು ಚೊಂಬು.